ಯಾರ ಕೋಳಿ, ಯಾರ ಕೈ

ನಮ್ಮ ಊರಿನಲ್ಲಿ ಕೇಕು ಮಾಡುವುದೆಂದರೆ ಹಿಟ್ಟು, ಸಕ್ಕರೆ, ಬೆಣ್ಣೆ ಹೊಂದಿಸಿಕೊಂಡಷ್ಟು ಸುಲಭದ ಮಾತಲ್ಲ. ಮೊಟ್ಟೆ ಒಡೆಯಬೇಕಲ್ಲ. ಕೋಳಿ ಯಾರ ಕೈಯನ್ನು ನಂಬಿ ಕಾಳು ತಿಂದಿದೆಯೋ ಅವರ ಕೈಯಲ್ಲಿ ಮಾತ್ರ ಅದರ ಮೊಟ್ಟೆ ಒಡೆಯುತ್ತದೆ. ಬೇರೆ ಯಾರೇ ಬಡಿಯಲಿ, ಕುಟ್ಟಲಿ, ತಾರಸಿಯಿಂದ ಎಸೆಯಲಿ, ಅದು ಟಣ್ಣೆಂದು ಪುಟಿದು ಚರಂಡಿಯ ಪಕ್ಕ ಹೋಗಿ ಕೂರುತ್ತದೆ. ಬೇಯಿಸಿದರೂ ಸಿಪ್ಪೆ ಬಿಡುವುದಿಲ್ಲ. ಹಾಗಾಗಿ ಪಕ್ಕದ ಮನೆಯವರು ನಾಲ್ಕು ಮೊಟ್ಟೆ ಕೇಳಿದರೆ ಮೊಟ್ಟೆಯ ಜೊತೆ ಮನುಷ್ಯರೂ ಹೋಗಬೇಕು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಆಮ್ಲೆಟ್ ಕೇಳಿದರೆ "ಕೂತ್ಕೊಳ್ಳಿ, ಕೈ ಬರುತ್ತೆ" ಎನ್ನುತ್ತಾರೆ. ಹಿಂದಿನ ಓಣಿಯಿಂದ ಮಾಬೂಬಿ ಬಟ್ಟೆ ಒಗೆಯುತ್ತಿದ್ದ ಒದ್ದೆ ಕೈಯಲ್ಲೇ ಬಂದು, ಎರಡು ಮೊಟ್ಟೆ ಒಡೆದು, ಸೆರಗಿಗೆ ಕೈ ಒರೆಸಿಕೊಂಡು ವಾಪಸ್ಸು ಹೋಗುತ್ತಾಳೆ. ನಮ್ಮಲ್ಲಿ ಕೈ ಎಂದರೆ ಅದು. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳನ್ನು ಮೊದಲು ಕೇಳುವ ಪ್ರಶ್ನೆಯೂ "ನೀನು ಎಷ್ಟು ಕೋಳಿಗೆ ಕೈ?" ಎಂದೇ.

ಒಮ್ಮೆ ಹೊರಗಿನ ವ್ಯಾಪಾರಿಯೊಬ್ಬ ಲಾರಿ ತುಂಬ ಮೊಟ್ಟೆ ತಂದು ಸಂತೆಯಲ್ಲಿ ನಿಂತಿದ್ದ. ಯಂತ್ರದಿಂದ ಮೇವು ತಿನ್ನುವ ಕೋಳಿಗಳ ಮೊಟ್ಟೆ. ಊರಿಗೆ ಊರೇ ಸಾಲಾಗಿ ನಿಂತು ಒಡೆಯಲು ನೋಡಿತು, ಒಂದೂ ಬಿರುಕು ಬಿಡಲಿಲ್ಲ. ಅವನು ಬೇಸತ್ತು ಸುರಿದು ಹೋದ ಮೊಟ್ಟೆಗಳಿಂದ ನಾವು ಚರ್ಚಿನ ಹೂದೋಟಕ್ಕೆ ಅಂಚು ಕಟ್ಟಿದೆವು. ಹದಿನೈದು ವರ್ಷವಾಯಿತು, ಇನ್ನೂ ಹಾಗೇ ಇವೆ. ಪ್ರತಿ ಕ್ರಿಸ್‌ಮಸ್ಸಿಗೆ ಸುಣ್ಣ ಬಳಿಯುತ್ತೇವೆ. ಇದನ್ನೆಲ್ಲ ಕಣ್ಣಾರೆ ಕಂಡವಳೇ ಮುಂದೆ ಹಾಗೆ ಮಾಡಿದಳಲ್ಲ ಎಂದು ನೀವು ನನ್ನನ್ನು ನೋಡಿ ನಗಬಹುದು. ನಗಿ, ಈಗ ನಾನೂ ನಗುತ್ತೇನೆ.

ನನ್ನ ಹೆಸರು ಕೃಪಾವತಿ. ಚರ್ಚಿನ ಬೀದಿಯ ಹನ್ನೊಂದು ಮನೆಗಳಲ್ಲಿ ಏಳನೆಯದು ನಮ್ಮದು, ಎಂಟನೆಯದು ಸಲೋಮಿಯದು. ಪ್ರತಿ ಕ್ರಿಸ್‌ಮಸ್ಸಿಗೆ ಈ ಹನ್ನೊಂದರಲ್ಲಿ ಒಂದು ಮನೆ ಇಡೀ ಊರಿಗೆ ದೊಡ್ಡ ಕೇಕು ಮಾಡಬೇಕು. ಅರವತ್ತು ಮೊಟ್ಟೆಯ ಕೇಕು. ಡಿಸೆಂಬರ್ ಇಪ್ಪತ್ತಮೂರರ ಬೆಳಿಗ್ಗೆ ದೇವದಾನಪ್ಪನವರ ಬೇಕರಿಯ ಭಟ್ಟಿಯ ಮುಂದೆ ಊರು ಸೇರುತ್ತದೆ. ದೇವದಾನಪ್ಪ "ಯಾರ ಕೋಳಿ? ಯಾರ ಕೈ?" ಎಂದು ಕೇಳುತ್ತಾರೆ. ಸರದಿ ಬಂದವಳು "ನನ್ನ ಮನೆ ಕೋಳಿ, ನನ್ನ ಕೈ" ಎಂದು ಹೇಳಿ, ಎಲ್ಲರ ಎದುರು ಅರವತ್ತೂ ಒಡೆಯಬೇಕು. ಒಡೆದರೆ ಭಟ್ಟಿಯ ಗೋಡೆಯ ಹಲಗೆಯ ಮೇಲೆ ಅವಳ ಹೆಸರು ಏರುತ್ತದೆ. ಒಡೆಯದಿದ್ದರೆ ಸರದಿ ಮುಂದಿನ ಮನೆಗೆ ಹೋಗುತ್ತದೆ, ಮತ್ತೆ ಬರುವುದು ಹನ್ನೊಂದು ವರ್ಷಕ್ಕೆ.

ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯ ಸರದಿ ಬಂದಾಗ ಅತ್ತೆ ಇದ್ದರು. ನನಗೆ ಹಿಟ್ಟು ತಿರುವುವ ಕೆಲಸ ಕೊಟ್ಟಿದ್ದರು. "ಕೃಪಾ, ಒಡೆಯೋದು ನಿನ್ನ ಕೈಲಿ ಆಗೋದಲ್ಲ, ನೀನು ತಿರುವು" ಎಂದು ಊರಿನ ಎದುರಿಗೇ ಅಂದಿದ್ದರು. ತೋಳು ಬಿದ್ದುಹೋಗುವ ಹಾಗೆ ತಿರುವಿದೆ. ಹಲಗೆಯ ಮೇಲೆ ಅವರ ಹೆಸರು ಏರಿತು. ಅತ್ತೆ ತೀರಿಕೊಂಡು ಆರು ವರ್ಷವಾದರೂ ಬ್ರೆಡ್ಡು ತರಲು ಹೋದಾಗಲೆಲ್ಲ ಆ ಹೆಸರು ನನ್ನನ್ನು ನೋಡಿ "ನೀನು ತಿರುವು" ಎನ್ನುತ್ತಿತ್ತು. ಈ ವರ್ಷ ಸರದಿ ನನ್ನದು. ನನಗೆ ಐವತ್ತೆರಡು. ಇದು ತಪ್ಪಿದರೆ ಅರವತ್ತಮೂರಕ್ಕೆ. ನನ್ನ ಹೆಸರು ಆ ಹಲಗೆಯ ಮೇಲೆ ಏರಲೇಬೇಕೆಂಬ ಹಟ ನನಗೆ ಎಷ್ಟಿತ್ತೆಂದರೆ, ಒಣದ್ರಾಕ್ಷಿ, ಚೆರ್ರಿ, ಗೋಡಂಬಿಯನ್ನು ದಸರಾ ಹೊತ್ತಿಗೇ ದ್ರಾಕ್ಷಿ ರಸದಲ್ಲಿ ನೆನೆಹಾಕಿ ಭರಣಿಯ ಬಾಯಿ ಕಟ್ಟಿಟ್ಟಿದ್ದೆ.

ಇನ್ನು ಸಲೋಮಿ. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಬಾಯಿ ತುಂಬ ಸಲೋಮಕ್ಕ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಎರಡು ವರ್ಷದ ಹಿಂದಿನ ಈಸ್ಟರ್‌ಗೆ ಅದು ಮುಗಿಯಿತು. ನಮ್ಮ ಮನೆಯಲ್ಲೂ ಅವಳ ಮನೆಯಲ್ಲೂ ಒಂದೇ ಕಾವಿನ ಎರಡು ಹುಂಜಗಳಿದ್ದವು. ಎರಡೂ ಕೆಂಪು, ಎರಡಕ್ಕೂ ಕರಿ ಬಾಲ. ನಮ್ಮ ಮನೆಯವರು ಸತ್ಯದಾಸ್, ನೀರು ಸರಬರಾಜಿನಲ್ಲಿ ಪೈಪು ಕೂಡಿಸಿ ನಿವೃತ್ತರಾದವರು. ಹಬ್ಬದ ಹಿಂದಿನ ಸಂಜೆ ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ ಹುಂಜವನ್ನು ಹಿಡಿದು, ಪುಕ್ಕ ಕಿತ್ತು ತಂದರು. ನಾನು ಮಸಾಲೆ ಅರೆದೆ. ಮಾರನೆಯ ದಿನ ಉಳಿದ ಹುಂಜ ಅದೇ ಗೋಡೆಯ ಮೇಲೆ ನಿಂತು ಕೂಗಿತು. ಸಲೋಮಿ, "ಇದು ನಿಮ್ದು. ನೀವು ತಿಂದದ್ದು ನಮ್ದು" ಎಂದಳು. ನಾನು ಚರ್ಚಿನ ಗೇಟಿನ ಹತ್ತಿರ ಹತ್ತು ಜನರ ಎದುರು, "ನಾವು ತಿಂದದ್ದು ನಮ್ಮ ಮನೆಯದೇ, ನಾನೇ ನೋಡಿದೀನಿ" ಎಂದೆ. ಸತ್ಯ ಹೇಳಬೇಕೆಂದರೆ ನಾನು ನೋಡಿರಲೇ ಇಲ್ಲ. ಆದರೆ ಆಡಿದ್ದು ಆಡಿಯಾಗಿತ್ತು. ಅಂದಿನಿಂದ ಎಂಟನೆಯ ಮನೆಗೂ ಏಳನೆಯ ಮನೆಗೂ ಮಾತು ನಿಂತಿತು.

ಈ ಬೇಸಿಗೆಯಲ್ಲಿ ಊರಿಗೆ ಕೊಕ್ಕರೆ ರೋಗ ಬಂದು ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸತ್ತವು. ಬೀದಿಗೆ ಬೀದಿಯೇ ಹೊಸ ಮರಿ ತಂದು ಸಾಕಿತು. ನಾನು ಎಂಟು ಹೇಂಟೆಮರಿ, ಒಂದು ಹುಂಜದ ಮರಿ ತಂದು ಕಾಲಿಗೆ ಕೆಂಪು ದಾರ ಕಟ್ಟಿದೆ. ಸಲೋಮಿಯೂ ಅಷ್ಟನ್ನೇ ತಂದು ಹಸಿರು ದಾರ ಕಟ್ಟಿದಳು. ಈ ಸಲ ಗೊಂದಲವೇ ಬೇಡ ಎಂದು ಇಬ್ಬರೂ ಬಾಯಿ ಬಿಡದೆ ತೀರ್ಮಾನ ಮಾಡಿಕೊಂಡಂತಿತ್ತು. ಆಗ ನಮ್ಮ ಮನೆಯವರ ತಲೆಗೆ ಒಂದು ಯೋಚನೆ ಹೊಕ್ಕಿತು. ಅಗಲದ ಪೈಪೊಂದನ್ನು ಗೋಡೆಗೆ ನಿಲ್ಲಿಸಿ, ಕೆಳಗೆ ಬಾಗುಪೈಪು ಕೂಡಿಸಿ, ಮೇಲಿಂದ ವಾರಕ್ಕಾಗುವಷ್ಟು ಮೇವು ಸುರಿದುಬಿಟ್ಟರು. ಕೋಳಿ ತಿಂದಷ್ಟೂ ಮೇವು ತಾನೇ ಜಾರುತ್ತಿತ್ತು. "ಇನ್ಮೇಲೆ ನೀನು ಬಗ್ಗೋ ಹಾಗಿಲ್ಲ, ಸೊಂಟ ನೋವು ಅನ್ನೋ ಹಾಗಿಲ್ಲ" ಎಂದರು. ಬೀದಿಯವರು ಬಂದು ನೋಡಿ ಹೊಗಳಿದರು. ಇವರು ಹೊಗಳಿಕೆಗೆ ಕರಗುವ ಮನುಷ್ಯ. ಕೇಳಿದವರಿಗೆಲ್ಲ ಪೈಪು ಹಾಕಿಕೊಟ್ಟರು. ಸಲೋಮಿ ಕೇಳಲಿಲ್ಲ. ಗೋಡೆಯಾಚೆಯಿಂದ ನೋಡಿಕೊಂಡು, ಬೇರೆ ಯಾರಿಂದಲೋ ನಮ್ಮದಕ್ಕಿಂತ ಒಂದು ಅಡಿ ಎತ್ತರದ್ದು ಹಾಕಿಸಿದಳು.

ಪೈಪಿನ ಮೇವು ತಿಂದ ಕೋಳಿಗಳು ಹಿತ್ತಲೆಲ್ಲ ಅಲೆಯತೊಡಗಿದವು. ಮಧ್ಯಾಹ್ನ ನಾನು ಅಕ್ಕಿ ಕೇರುವ ಹೊತ್ತಿಗೆ ಹಸಿರು ದಾರದ ಹೇಂಟೆಗಳು ಗೋಡೆ ಹಾರಿ ಬರುತ್ತಿದ್ದವು. ಮೊದಲ ದಿನ ಓಡಿಸಿದೆ. ಎರಡನೆಯ ದಿನ ಒಂದು ಹಿಡಿ ನುಚ್ಚು ಹಾಕಿದೆ. ಪಾಪ ಎಂದು ಹಾಕಿದೆ ಅಂದುಕೊಳ್ಳಬೇಡಿ. ಸಲೋಮಿಯ ಕೋಳಿ ಸಲೋಮಿಯನ್ನು ಬಿಟ್ಟು ನನ್ನ ಕಾಲ ಬುಡದಲ್ಲಿ ಬಂದು ನಿಲ್ಲುತ್ತದಲ್ಲ, ಆ ಖುಷಿಗೆ ಹಾಕಿದೆ. ಆಮೇಲೆ ನುಚ್ಚಿನ ಬದಲು ಒಳ್ಳೆಯ ಅಕ್ಕಿಯೇ ಹಾಕತೊಡಗಿದೆ. ಎಂಟೂ ನನ್ನ ಅಂಗೈಯಿಂದ ತಿನ್ನುತ್ತಿದ್ದವು. ಒಂದೊಂದಕ್ಕೆ ಒಂದೊಂದು ಹೆಸರಿಟ್ಟಿದ್ದೆ. ನಮ್ಮ ಕೆಂಪು ದಾರದವು ಆ ಹೊತ್ತಿನಲ್ಲಿ ಎಲ್ಲಿರುತ್ತವೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಅವುಗಳಿಗೆ ಪೈಪು ಇತ್ತಲ್ಲ.

ನವೆಂಬರಿನಲ್ಲಿ ಹೇಂಟೆಗಳು ಮೊಟ್ಟೆ ಇಡಲು ಶುರುಮಾಡಿದವು. ಮೊದಲನೆಯ ಮೊಟ್ಟೆಯನ್ನು ಬಾಣಲೆಯ ಅಂಚಿಗೆ ತಟ್ಟಿದೆ. ಟಣ್ ಎಂದಿತು. ಇನ್ನೊಂದು ಸಲ ತಟ್ಟಿದೆ. ಬಾಣಲೆಗೆ ತಗ್ಗು ಬಿತ್ತು. ಹೊಸ ಕೋಳಿ, ಸಂಕೋಚ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಎರಡನೆಯದು, ಮೂರನೆಯದು, ಹತ್ತನೆಯದು, ಎಲ್ಲವೂ ಟಣ್. ನನ್ನ ಕೋಳಿಗಳು ನನಗೇ ಕೈಕೊಟ್ಟಿದ್ದವು. ಗೂಡಿನ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಅದೂ ಎಂಥ ವರ್ಷ ನೋಡಿ. ಹೊರಗೆ ಹೇಳುವಂತಿರಲಿಲ್ಲ, ಏಕೆಂದರೆ ಸ್ವಂತ ಕೋಳಿಗೆ ಕೈಯಾಗದವಳು ಎಂದರೆ ನಮ್ಮ ಊರಿನಲ್ಲಿ ಸ್ವಂತ ಮಗುವಿಗೆ ಅನ್ನ ಹಾಕದವಳು ಎಂದಂತೆ. ಯಾರಾದರೂ ಕೇಳಿದರೆ, ಇವರಿಗೆ ಗ್ಯಾಸ್ಟ್ರಿಕ್, ಮನೆಯಲ್ಲಿ ಮೊಟ್ಟೆ ಮಾಡುತ್ತಿಲ್ಲ ಎಂದು ಹೇಳುತ್ತಿದ್ದೆ. ಮೊಟ್ಟೆಗಳನ್ನು ಬುಟ್ಟಿಗೆ ತುಂಬಿ ಮಂಚದ ಕೆಳಗೆ ತಳ್ಳಿ, ಮೇಲೆ ಅತ್ತೆಯ ಹಳೆಯ ಸೀರೆ ಹೊದಿಸಿದೆ.

ಈಗ ನೆನೆಸಿಕೊಂಡರೆ ಆ ತಿಂಗಳು ಊರಿನಲ್ಲಿ ಇನ್ನೂ ಏನೇನೋ ನಡೆಯುತ್ತಿತ್ತು. ಮಾಬೂಬಿ ಹರಕೆ ಹೊತ್ತಿದ್ದೇನೆಂದು ಹೋಟೆಲಿಗೆ ಹೋಗುವುದನ್ನು ಬಿಟ್ಟಿದ್ದಳು. ಸಲೋಮಿಗೆ ಸಕ್ಕರೆ ಕಾಯಿಲೆಯಂತೆ, ಮೊಟ್ಟೆ, ಕೇಕು ಎಲ್ಲ ಬಿಟ್ಟಿದ್ದಾಳಂತೆ ಎಂದು ಯಾರೋ ಹೇಳಿದರು. ದೇವದಾನಪ್ಪ ಬೇಕರಿಯ ಮುಂದೆ 'ಎಗ್‌ಲೆಸ್ ಬನ್ ದೊರೆಯುತ್ತದೆ' ಎಂದು ಬೋರ್ಡು ಹಾಕಿ, ಇದು ಈಗಿನ ಫ್ಯಾಷನ್ ಎಂದರು. ನಾನು ನನ್ನ ಚಿಂತೆಯಲ್ಲಿ ಮುಳುಗಿದ್ದೆ, ಯಾವುದಕ್ಕೂ ಯಾವುದನ್ನೂ ಕೂಡಿಸಿ ನೋಡಲಿಲ್ಲ.

ಡಿಸೆಂಬರ್ ಹದಿನೆಂಟರ ಬೆಳಿಗ್ಗೆ ಸೌದೆ ಒಟ್ಟಿಲಿನಿಂದ ತುಂಡೊಂದನ್ನು ಎಳೆದೆ. ಸಂದಿಯಲ್ಲಿದ್ದ ಮೊಟ್ಟೆಯೊಂದು ಉರುಳಿತು. ಹಿಡಿಯಲು ಹೋದೆ. ಅದು ನನ್ನ ಬೆರಳುಗಳ ನಡುವೆ ಪಚ್ಚನೆ ಒಡೆದು ಮೊಣಕೈವರೆಗೂ ಇಳಿಯಿತು. ಹಳದಿ ಲೋಳೆಯನ್ನು ನೋಡುತ್ತಾ ನಿಂತವಳಿಗೆ ಕಣ್ಣಲ್ಲಿ ನೀರು ಬಂತು. ಕರ್ತನೇ, ಕೊನೆಗೂ ಕೈ ಹಿಡಿದೆಯಲ್ಲ ಎಂದು ಆ ಅಂಟುಗೈಯನ್ನೇ ಮುಗಿದೆ. ಅಷ್ಟರಲ್ಲಿ ಒಟ್ಟಿಲಿನ ಹಿಂದಿನಿಂದ, ಮೊಟ್ಟೆ ಇಟ್ಟ ಹೆಮ್ಮೆಯಲ್ಲಿ ಕೊಕ್ಕೊಕ್ಕೋ ಎನ್ನುತ್ತಾ ಹೇಂಟೆಯೊಂದು ಹೊರಬಂತು. ಕಾಲಲ್ಲಿ ಹಸಿರು ದಾರ.

ಅಲ್ಲೇ ಸೌದೆಯ ಮೇಲೆ ಕುಸಿದು ಕೂತೆ. ನಿಧಾನವಾಗಿ ಎಲ್ಲವೂ ಅರ್ಥವಾಯಿತು. ಸಲೋಮಿಯ ಎಂಟು ಕೋಳಿಗೂ ನಾನು ಕೈ. ಹಾಗಾದರೆ ಅವಳ ಮೊಟ್ಟೆ ಅವಳಿಗೆ ಒಡೆಯುತ್ತಿಲ್ಲ. ಸಕ್ಕರೆ ಕಾಯಿಲೆಯ ಗುಟ್ಟು ಅಲ್ಲಿಗೆ ಬಯಲಾಯಿತು. ಇನ್ನು ನನ್ನ ಕೋಳಿಗಳಿಗೆ ಕೈ ಯಾರು? ಎದ್ದು ಹೋಗಿ ಗೋಡೆಯ ಇಟ್ಟಿಗೆಸಂದಿನಲ್ಲಿ ಕಣ್ಣಿಟ್ಟೆ. ಸಲೋಮಿ ಮಣೆಯ ಮೇಲೆ ಕೂತಿದ್ದಳು. ಅಂಗೈಯಲ್ಲಿ ನೆನೆಸಿದ ಕಡಲೆ. ಸುತ್ತ ನನ್ನ ಎಂಟು ಕೆಂಪು ದಾರ.

ಸೆರಗು ಬಿಗಿದುಕೊಂಡು ಅವಳ ಮುಂಬಾಗಿಲಿಗೆ ಹೋದೆ. ಒಟ್ಟಿಲಿನಲ್ಲಿ ಇನ್ನೊಂದು ಮೊಟ್ಟೆ ಸಿಕ್ಕಿತ್ತು, ಅದು ಕೈಯಲ್ಲಿತ್ತು. ನಾನು ಸುತ್ತಿ ಬರುವಷ್ಟರಲ್ಲಿ ಸಲೋಮಿ ಒಳಗೆ ಬಂದು ಒಲೆಯ ಮುಂದೆ ಕರ್ಜಿಕಾಯಿ ಕರಿಯುತ್ತಿದ್ದಳು. ನನ್ನನ್ನು ನೋಡಿ ಜಾಲರಿ ಸೌಟು ಹಾಗೇ ಹಿಡಿದು ನಿಂತಳು.

"ಏನು ಬಂದೆ?"

"ನಿಮ್ಮ ಹೇಂಟೆ ನಮ್ಮ ಸೌದೆಲಿ ಮೊಟ್ಟೆ ಇಟ್ಟಿತ್ತು. ಕೊಡೋಣ ಅಂತ."

"ಅಲ್ಲಿಟ್ಟು ಹೋಗು."

"ಒಡೆದು ನೋಡ್ಕೊಳ್ಳಿ. ಎಷ್ಟು ದಿನದ್ದೋ ಏನೋ."

"ನಾನು ಮೊಟ್ಟೆ ಮುಟ್ಟಲ್ಲ. ಸಕ್ಕರೆ ಕಾಯಿಲೆ."

"ಸಕ್ಕರೆ ಕಾಯಿಲೆಯೋರು ಕರ್ಜಿಕಾಯಿ ಕರೀಬಹುದಾ ಅಕ್ಕ?"

ಅಕ್ಕ ಎಂದು ಬಾಯಿತಪ್ಪಿ ಬಂದಿತ್ತು. ಅವಳು ಜಾಲರಿ ಸೌಟು ಕೆಳಗಿಡುವಷ್ಟರಲ್ಲೇ ನಾನು ಅವಳ ತಟ್ಟೆಯ ಅಂಚಿಗೆ ಮೊಟ್ಟೆ ತಟ್ಟಿದೆ. ಲೋಳೆ ಗುಂಡಗೆ ತಟ್ಟೆಗೆ ಬಿತ್ತು. ಸಲೋಮಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಒಲೆ ಆರಿಸಿದಳು. ಒಳಗೆ ಹೋಗಿ ಒಂದು ಕುಕ್ಕೆ ಎಳೆದುಕೊಂಡು ಬಂದಳು. ಎಪ್ಪತ್ತಾದರೂ ಮೊಟ್ಟೆ ಇದ್ದವು. ಮಂಚದ ಕೆಳಗಿನ ಧೂಳು ಇನ್ನೂ ಕುಕ್ಕೆಗೆ ಅಂಟಿತ್ತು.

"ಒಂದು ತಿಂಗಳಿಂದ ಒಂದನ್ನೂ ಬಾಯಿಗೆ ಹಾಕಿಲ್ಲ ಕಣೇ" ಎಂದಳು. ದನಿ ಸಣ್ಣಗಾಗಿತ್ತು.

"ನಮ್ಮ ಕೋಳಿಗೆ ಯಾವಾಗಿಂದ ಹಾಕ್ತಿದ್ದೀರ?"

"ನಿಮ್ಮನೇಲಿ ಪೈಪ್ ಬಂತಲ್ಲ, ಆಗಿಂದ."

"ಯಾಕೆ?"

ಸಲೋಮಿ ಬಾಗಿಲ ಕಡೆ ನೋಡಿದಳು. "ನಿನ್ನ ಕೋಳಿ ನಿನ್ನನ್ನ ಬಿಟ್ಟು ನನ್ನ ಹತ್ರ ಬರುತ್ತಲ್ಲ, ಅದನ್ನ ನೋಡೋಕೆ. ನೀನು ಯಾಕೆ ಹಾಕ್ದೆ?"

"ನಾನೂ ಅದಕ್ಕೇ."

ಅವಳ ಮೂಗಿನಿಂದ ಒಂದು ಸದ್ದು ಬಂತು. ನಗು ತಡೆದದ್ದೋ ಸಿಟ್ಟು ತಡೆದದ್ದೋ ಗೊತ್ತಾಗಲಿಲ್ಲ. ಆದರೆ ಕೂತುಕೋ ಎನ್ನಲಿಲ್ಲ. ಇಪ್ಪತ್ತಮೂರಕ್ಕೆ ಭಟ್ಟಿಗೆ ಬಂದು ನನ್ನ ಮೊಟ್ಟೆ ಒಡೆದುಕೊಡಿ ಎಂದು ನಾನು ಕೇಳಿದೊಡನೆ ತಲೆ ಅಲ್ಲಾಡಿಸಿದಳು.

"ನನ್ನ ಕೋಳಿ ನನ್ನ ಕೈ ಬಿಟ್ಟಿವೆ ಅಂತ ಊರ ಮುಂದೆ ನಾನು ಹೇಳ್ಕೊಳ್ಳಲ್ಲ. ಮುಂದಿನ ವರ್ಷ ನನ್ನ ಸರದಿ, ಅದಕ್ಕೂ ಕಲ್ಲು ಬೀಳುತ್ತೆ." ಆಮೇಲೆ ತಾನೇ ದಾರಿ ಹೇಳಿದಳು. "ಒಂದು ಕೆಲಸ ಮಾಡು. ನಿನ್ನ ಬುಟ್ಟಿ ಇಲ್ಲಿ ತಂದಿಡು, ನನ್ನ ಕುಕ್ಕೆ ತಗೊಂಡು ಹೋಗು. ಮೊಟ್ಟೆ ಮೇಲೆ ಹೆಸರು ಬರೆದಿರುತ್ತಾ? 'ನನ್ನ ಮನೆ ಕೋಳಿ, ನನ್ನ ಕೈ' ಅನ್ನು, ಒಡಿ. ಮುಂದಿನ ವರ್ಷ ನಾನು ನಿನ್ನದು ತಗೊಂಡು ಹೋಗ್ತೀನಿ. ನಿನ್ನ ಹೆಸರೂ ಏರುತ್ತೆ, ನನ್ನದೂ ಏರುತ್ತೆ."

ಇದಕ್ಕಿಂತ ಸಲೀಸಾದ ದಾರಿ ಇರಲಿಲ್ಲ. ಅಂದೇ ಸಂಜೆ, ಯಾರೂ ನೋಡದ ಹಾಗೆ, ಗೋಡೆಯ ಮೇಲಿಂದ ಬುಟ್ಟಿ ಆಚೆ ಹೋಯಿತು, ಕುಕ್ಕೆ ಈಚೆ ಬಂತು. ಐದು ದಿನ ನಾನು ಸಕ್ಕರೆ ಸುಟ್ಟು ಕಂದು ಪಾಕ ಮಾಡಿದೆ, ಚಕ್ಕೆ ಲವಂಗ ಪುಡಿ ಮಾಡಿದೆ, ಮೈದಾ ಜರಡಿ ಹಿಡಿದೆ. ಇವರು "ಏನೇ, ಗೆಲುವಾಗಿದ್ದೀಯ" ಎಂದರು. ಗೆಲುವಾಗಿಯೇ ಇದ್ದೆ, ಸುಳ್ಳೇಕೆ ಹೇಳಲಿ.

ಇಪ್ಪತ್ತಮೂರರ ಬೆಳಿಗ್ಗೆ ಭಟ್ಟಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಭಟ್ಟಿಯೊಳಗೆ ಸೌದೆ ಉರಿದು ಕೆಂಡವಾಗಿತ್ತು. ಉದ್ದನೆಯ ಮೇಜಿನ ಮೇಲೆ ಹಿತ್ತಾಳೆ ಕೊಳಗ, ಪಕ್ಕದಲ್ಲಿ ಕುಕ್ಕೆ. ಗುಂಪಿನ ಮುಂದಿನ ಸಾಲಿನಲ್ಲೇ ಸಲೋಮಿ ನಿಂತಿದ್ದಳು, ಏನೂ ಗೊತ್ತಿಲ್ಲದವಳ ಮುಖ ಮಾಡಿಕೊಂಡು. ದೇವದಾನಪ್ಪ ಎಪ್ಪತ್ತು ದಾಟಿದವರು. ಹಬ್ಬದ ಬಿಳಿ ಅಂಗಿ ತೊಟ್ಟು ಮುಂದೆ ಬಂದರು.

"ಯಾರ ಕೋಳಿ? ಯಾರ ಕೈ?"

ನಾನು ಮೊಟ್ಟೆ ಎತ್ತಿಕೊಂಡೆ. ಬಾಯಿ ತೆರೆದೆ. ನನ್ನ ಮನೆ, ಎಂಬಲ್ಲಿಗೆ ನಿಲ್ಲಿಸಿದೆ. ಎರಡು ವರ್ಷದ ಹಿಂದೆ ಚರ್ಚಿನ ಗೇಟಿನ ಹತ್ತಿರ ಇದೇ ಜನದ ಎದುರು, ಇದೇ ಬಾಯಲ್ಲಿ, ನಮ್ಮ ಮನೆಯದೇ ಎಂದಿದ್ದೆ, ನೋಡದೆ, ಹಟಕ್ಕೆ. ಆ ಒಂದು ಮಾತಿಗೆ ಎರಡು ವರ್ಷ ಅಕ್ಕನಂಥವಳೊಡನೆ ಮಾತಿಲ್ಲದೆ ಬದುಕಿದ್ದೆ. ಈಗ ಮತ್ತೆ ಅದೇ ಮಾತು ಆಡಿದರೆ ಹೆಸರು ಏರುತ್ತದೆ, ನಿಜ. ಆದರೆ ಮುಂದೆ ಬ್ರೆಡ್ಡಿಗೆ ಹೋದಾಗಲೆಲ್ಲ ಅತ್ತೆಯ ಹೆಸರಿನ ಕೆಳಗೆ ನನ್ನ ಹೆಸರೂ ಕೂತು ನನ್ನನ್ನು ನೋಡುತ್ತದಲ್ಲ, ಅದು ಏನು ಹೇಳಬಹುದು?

ದೇವದಾನಪ್ಪ ಎರಡನೆಯ ಸಲ ಕೇಳಿದರು. "ಹೇಳು ತಾಯಿ. ಯಾರ ಕೋಳಿ, ಯಾರ ಕೈ?"

"ಸಲೋಮಕ್ಕನ ಮನೆ ಕೋಳಿ, ನನ್ನ ಕೈ" ಎಂದೆ. ಎಂದವಳೇ ಕೊಳಗದ ಅಂಚಿಗೆ ತಟ್ಟಿದೆ. ಮೊಟ್ಟೆ ಒಡೆಯಿತು.

ಗುಂಪಿನಲ್ಲಿ ಗುಸುಗುಸು ಎದ್ದಿತು. ಸಲೋಮಿಯ ಮುಖ ಬಿಳಿಚಿಕೊಂಡು ಆಮೇಲೆ ಕೆಂಪಾಯಿತು. "ಹೇಳಿಬಿಟ್ಟೆಯಲ್ಲೇ" ಎಂದಷ್ಟೇ ಅಂದು, ಜನರನ್ನು ಸರಿಸಿಕೊಂಡು ಹೊರಟುಹೋದಳು. ನನ್ನ ಸರದಿ ಹೋದರೆ ಹೋಗಲಿ, ಅವಳದನ್ನೂ ಹಾಳುಮಾಡಿದೆನಲ್ಲ ಎನಿಸಿತು. ದೇವದಾನಪ್ಪ ಹಲಗೆಯ ಕಡೆ ನೋಡಿ ಗಡ್ಡ ಕೆರೆದುಕೊಂಡರು. "ಹೀಗೆ ಯಾರೂ ಇದುವರೆಗೂ ಹೇಳಿಲ್ಲವಲ್ಲ" ಎಂದರು. "ಮನೆಯೂ ಅವಳದೇ ಆಗಬೇಕು, ಕೈಯೂ ಅವಳದೇ ಆಗಬೇಕು. ಪದ್ಧತಿ ಹಾಗಿದೆ."

ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಐದು ನಿಮಿಷ ಕಳೆದಿರಬೇಕು. ಜನ ಮತ್ತೆ ಸರಿದು ದಾರಿ ಬಿಟ್ಟರು. ಸಲೋಮಿ ಏದುಸಿರು ಬಿಡುತ್ತಾ ಬಂದಳು. ಸೊಂಟದ ಮೇಲೆ ನನ್ನ ಬುಟ್ಟಿ. ಅತ್ತೆಯ ಹಳೆಯ ಸೀರೆ ಇನ್ನೂ ಹೊದ್ದುಕೊಂಡೇ ಇತ್ತು. ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿ, ಕೈಗೆ ಸಿಕ್ಕ ಮೊಟ್ಟೆ ಎತ್ತಿಕೊಂಡಳು.

"ನನ್ನನ್ನೂ ಕೇಳಿ" ಎಂದಳು ದೇವದಾನಪ್ಪನವರಿಗೆ.

"ಯಾರ ಕೋಳಿ? ಯಾರ ಕೈ?" ಎಂದರು ಅವರು, ಬಾಯಿಗೆ ರೂಢಿಯಾದ ಮಾತು.

"ಕೃಪಾವತಿ ಮನೆ ಕೋಳಿ, ನನ್ನ ಕೈ." ಒಂದೇ ಕೈಯಲ್ಲಿ ಒಡೆದು, ಸಿಪ್ಪೆ ಪಕ್ಕಕ್ಕೆ ಎಸೆದಳು. ಆಮೇಲೆ ಗುಂಪಿನ ಕಡೆ ತಿರುಗಿ ಸೊಂಟಕ್ಕೆ ಕೈಯಿಟ್ಟಳು. "ನನಗೆ ಸಕ್ಕರೆ ಕಾಯಿಲೆ ಇಲ್ಲ. ನನ್ನ ಮೊಟ್ಟೆ ನನಗೆ ಒಡೆಯಲ್ಲ, ಅಷ್ಟೇ. ಇನ್ನು ಯಾರ್ಯಾರ ಮನೇಲಿ ಮಂಚದ ಕೆಳಗೆ ಬುಟ್ಟಿ ಇದೆಯೋ ಅವರೇ ಹೇಳ್ಲಿ."

ಭಟ್ಟಿಯೊಳಗಿನ ಕೆಂಡ ಚಟಪಟ ಎನ್ನುವುದು ಕೇಳಿಸುತ್ತಿತ್ತು. ಎಲ್ಲರೂ ಎಲ್ಲರ ಮುಖ ನೋಡುವುದನ್ನು ತಪ್ಪಿಸಿ ತಂತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಿಂದ ಮಾಬೂಬಿ ಕೈಯೆತ್ತಿದಳು. "ಹರಕೆಗಿರಕೆ ಏನೂ ಇಲ್ಲ ನಂದು. ಒಂದೂ ಒಡೀತಿಲ್ಲ. ಐವತ್ತು ಇವೆ ಮನೇಲಿ." ಅವಳು ಹೇಳಿದ್ದೇ ತಡ, ಮೂರನೆಯ ಮನೆಯಿಂದ ನಲವತ್ತು, ಒಂಬತ್ತನೆಯ ಮನೆಯಿಂದ ಮೂವತ್ತೈದು, ಶಾಲೆಯ ಮೇಡಂ ಮನೆಯಿಂದ ಎರಡು ಬಕೆಟ್ಟು. ಕೊನೆಗೆ ಎಲ್ಲರ ಕಣ್ಣೂ ದೇವದಾನಪ್ಪನವರ ಮೇಲೆ ನೆಟ್ಟವು. ಅವರು ಬಿಳಿ ಅಂಗಿಯ ತೋಳು ಮಡಚಿಕೊಳ್ಳುತ್ತಾ, "ಎಗ್‌ಲೆಸ್ ಬನ್ ನನಗೂ ಇಷ್ಟ ಇಲ್ಲ" ಎಂದರು. "ಹಿಟ್ಟಿನ ಗೋದಾಮಿನಲ್ಲಿ ಮುನ್ನೂರು ಮೊಟ್ಟೆ ಬಿದ್ದಿವೆ. ಸತ್ಯದಾಸ, ನಿನ್ನ ಪೈಪಿಗಿಷ್ಟು ಬೆಂಕಿ ಹಾಕ."

ನಮ್ಮ ಮನೆಯವರು ತಲೆ ಕೆಳಗೆ ಹಾಕಿ ನಿಂತಿದ್ದರು. ಆಗಲೇ ನಮಗೆಲ್ಲ ಹೊಳೆದದ್ದು, ಚರ್ಚಿನ ಹೂದೋಟದ ಅಂಚಿನ ಮೊಟ್ಟೆಗಳನ್ನು ಹದಿನೈದು ವರ್ಷ ನೋಡಿಯೂ ನಾವೇನೂ ಕಲಿತಿರಲಿಲ್ಲ ಎಂದು. ಮನೆಮನೆಗೂ ಪೈಪು ಬಂದು ಕೈ ಬಿಡುವಾಗಿತ್ತು. ಕೋಳಿಗಳು ಮಾತ್ರ ಕೈ ಹುಡುಕಿಕೊಂಡು ಊರೆಲ್ಲ ಅಲೆದಿದ್ದವು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಜನ ಮನೆಗೆ ಓಡಿ ಬುಟ್ಟಿ, ಬಕೆಟ್ಟು, ಚೀಲ, ಅಕ್ಕಿ ಡಬ್ಬ ಹೊತ್ತುಕೊಂಡು ಬಂದರು. ಯಾರ ಮೊಟ್ಟೆಗೆ ಯಾರು ಕೈ ಎಂದು ಯಾರಿಗೆ ಗೊತ್ತು? ಒಬ್ಬರ ಬುಟ್ಟಿ ಇನ್ನೊಬ್ಬರ ಮುಂದೆ, ಇನ್ನೊಬ್ಬರದು ಮತ್ತೊಬ್ಬರ ಮುಂದೆ. ಭಟ್ಟಿಯ ಅಂಗಳದ ತುಂಬ ಟಣ್ ಟಣ್ ಟಣ್, ನಡುವೆ ಒಂದು ಪಚ್, ಆ ಪಚ್ಚಿಗೆ ಊರಿಗೆ ಊರೇ ಹೋ ಎನ್ನುವುದು. ಮಾಬೂಬಿಯ ಕೋಳಿಗಳಿಗೆ ಹೋಟೆಲಿನ ತಟ್ಟೆ ತೊಳೆಯುವ ರಂಗಣ್ಣ ಕೈಯಾಗಿದ್ದ. ತಟ್ಟೆಯಲ್ಲಿ ಉಳಿದ ಅನ್ನವನ್ನು ಹಿಂಬಾಗಿಲಲ್ಲಿ ನಿಂತು ಹಾಕುತ್ತಿದ್ದನಂತೆ. ದೇವದಾನಪ್ಪನವರ ಮುನ್ನೂರು ಮೊಟ್ಟೆ ಅವರ ತಮ್ಮನ ಹೆಂಡತಿಯ ಕೈಯಲ್ಲಿ ಒಡೆದವು. ಅಣ್ಣತಮ್ಮಂದಿರು ಭಾಗವಾಗಿ ಏಳು ವರ್ಷದಿಂದ ಒಬ್ಬರ ಹೊಸ್ತಿಲು ಒಬ್ಬರು ತುಳಿದಿರಲಿಲ್ಲ. ಆಕೆ ಒಂದೊಂದನ್ನೇ ಒಡೆಯುತ್ತಿದ್ದರೆ ದೇವದಾನಪ್ಪ ಪಕ್ಕದಲ್ಲಿ ನಿಂತು ಸಿಪ್ಪೆ ಆಯ್ದುಕೊಡುತ್ತಿದ್ದರು, ಭಟ್ಟಿಯ ಹೊಗೆ ಎಂದು ಕಣ್ಣು ಒರೆಸಿಕೊಳ್ಳುತ್ತಾ. ಯಾರ ಕೈಗೂ ಬಗ್ಗದ ಇಪ್ಪತ್ತೇಳು ಮೊಟ್ಟೆ ಉಳಿದವು. ಅವು ಪೈಪನ್ನೇ ನಂಬಿದ ಕೋಳಿಗಳವು. ಹೂದೋಟದ ಅಂಚಿನಲ್ಲಿ ಒಂದು ಮೂಲೆ ಬಾಕಿ ಇತ್ತು, ಅಲ್ಲಿಗೆ ಸರಿಹೋದವು.

ಅರವತ್ತು ಮೊಟ್ಟೆಯ ಕೇಕಿಗೆ ಎಂಟುನೂರು ಮೊಟ್ಟೆ ಸೇರಿದವು. ನನ್ನ ಒಂದು ಭರಣಿ ಹಣ್ಣು ಎಲ್ಲಿಗೆ ಸಾಕು? ಮನೆಮನೆಯಲ್ಲಿದ್ದ ದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿ ಬಂತು. ಮಾಬೂಬಿ ಅಂಜೂರ ತಂದಳು. ಬೆಣ್ಣೆ ಮುಗಿದಾಗ ಓಣಿಯ ಹೆಂಗಸರು ಮೊಸರು ಕಡೆಯಲು ಕೂತರು. ಕೊಳಗದಿಂದ ಕೊಳಗಕ್ಕೆ ನಾನು ಓಡಾಡಿ ಹದ ನೋಡಿದೆ. ಒಮ್ಮೆ ನಾನು ಒಡೆದು ಸುಸ್ತಾಗಿ ನಿಂತಾಗ ಸಲೋಮಿ ಮರದ ಸೌಟನ್ನು ಮುಂದಕ್ಕೆ ಚಾಚಿದಳು. "ಕೊಡಿ, ತಿರುವ್ತೀನಿ" ಎಂದೆ. "ನೀನು ಯಾಕೆ ತಿರುವ್ತೀಯ? ನಿನ್ನ ಗಂಡ ಇಲ್ವಾ?" ಎಂದು ಸೌಟನ್ನು ಇವರ ಕೈಗಿಟ್ಟಳು. ಪೈಪಿನ ಪ್ರಾಯಶ್ಚಿತ್ತವೆಂದು ಇವರು ಆವತ್ತಿನಿಂದ ಮಾರನೆಯ ಸಂಜೆಯವರೆಗೆ ತಿರುವಿಯೇ ತಿರುವಿದರು. ಟ್ರೇ ಮೇಲೆ ಟ್ರೇ ಭಟ್ಟಿಯೊಳಗೆ ಹೋಗುತ್ತಿತ್ತು, ಉಬ್ಬಿ ಕಂದಾಗಿ ಹೊರಬರುತ್ತಿತ್ತು. ಲವಂಗದ ಘಮ ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಊರು ದಾಟುವ ಬಸ್ಸಿನವರು ಇಳಿದು ಬಂದು ಇಣುಕಿದರು. ಬೇರೆ ವರ್ಷ ಮನೆಗೆ ಒಂದು ಬೆರಳಗಲದ ತುಂಡು ಬರುತ್ತಿತ್ತು. ಈ ವರ್ಷ ಮನೆಗೊಂದು ಟ್ರೇ ಹೋಯಿತು.

ಹಲಗೆಯ ವಿಷಯ ಬಂದಾಗ ಪಾಸ್ಟರು, ಮೇಡಂ, ಎಲ್ಲರೂ ಸೇರಿ ಒಂದೇ ಮಾತು ಹೇಳಿದರು. ಮನೆ ಒಬ್ಬರದು, ಕೈ ಇನ್ನೊಬ್ಬರದು ಆದರೆ ಇಬ್ಬರ ಹೆಸರನ್ನೂ ಬರೆಯಬೇಕು. ದೇವದಾನಪ್ಪ ಏಣಿ ಹತ್ತಿ, ಅತ್ತೆಯ ಹೆಸರಿನ ನಂತರ ಹತ್ತು ಹೆಸರು ಬಿಟ್ಟು, ಬಿಳಿ ಬಣ್ಣದಲ್ಲಿ ಬರೆದರು: ಕೃಪಾವತಿ, ಸಲೋಮಿ. ಕೆಳಗೆ ನಿಂತು ನೋಡುತ್ತಿದ್ದ ನನಗೆ ಒಂದು ಲೆಕ್ಕ ಹೊಳೆಯಿತು. ಮೊಟ್ಟೆ ಇಡತೊಡಗಿದ ಕೋಳಿ ಹಿಡಿದ ಕೈಯನ್ನು ಸಾಯುವವರೆಗೆ ಬಿಡುವುದಿಲ್ಲ. ಮುಂದಿನ ವರ್ಷ ಸಲೋಮಿಯ ಸರದಿ. ಅವಳ ಕೋಳಿಗೆ ಕೈ ನಾನು. ಹಾಗಾದರೆ ಮುಂದಿನ ವರ್ಷವೂ ನನ್ನ ಹೆಸರು ಏರಬೇಕು. ಅತ್ತೆ ಹನ್ನೊಂದು ವರ್ಷಕ್ಕೊಮ್ಮೆ ಏರಿದ ಹಲಗೆಗೆ ನಾನು ಸಾಲಾಗಿ ಎರಡು ವರ್ಷ. ಅತ್ತೆಯ ಹೆಸರಿನ ಕಡೆ ನೋಡಿದೆ. ಅದು ಈ ಸಲ ಏನೂ ಹೇಳಲಿಲ್ಲ.

ಪೈಪುಗಳನ್ನು ಇವರೇ ಒಂದೊಂದಾಗಿ ಕಿತ್ತು ತಂದು, ಒಂದರ ಮೇಲೊಂದು ಕೂಡಿಸಿ, ಚರ್ಚಿನ ಮುಂದೆ ನಿಲ್ಲಿಸಿ ತುದಿಗೆ ಕ್ರಿಸ್‌ಮಸ್ ನಕ್ಷತ್ರ ಕಟ್ಟಿದರು. ಅಷ್ಟೆತ್ತರದ ನಕ್ಷತ್ರವನ್ನು ನಮ್ಮ ಊರು ಎಂದೂ ನೋಡಿರಲಿಲ್ಲ. ಅದಕ್ಕೂ ಜನ ಹೊಗಳಿದರು. ಇವರು ಮತ್ತೆ ಕರಗಿದರು.

ಹಬ್ಬದ ದಿನ ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂರುವ ಹೊತ್ತಿಗೆ ಸಲೋಮಿ ಮುಚ್ಚಿದ ಪಾತ್ರೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಚ್ಚಳ ತೆಗೆದರೆ ಹುಂಜದ ಸಾರು, ಮೇಲೆ ಎಣ್ಣೆ ತೇಲುತ್ತಿತ್ತು. ನಾನು ತಟ್ಟೆ ಇಟ್ಟೆ. ಅವಳೇ ಬಡಿಸಿದಳು, ತೊಡೆಯ ತುಂಡು ನನಗೇ ಹಾಕಿದಳು. ಆ ಮಾತನ್ನು ಇಂದಲ್ಲದಿದ್ದರೆ ಇನ್ನೆಂದೂ ಆಡಲಾರೆ ಎನಿಸಿತು.

"ಅಕ್ಕ, ಆ ಈಸ್ಟರ್ ಹುಂಜ" ಎಂದೆ. "ಅದು ಯಾರದ್ದು ಅಂತ ನಾನು ನೋಡಿರ್ಲಿಲ್ಲ. ನೋಡಿದೀನಿ ಅಂತ ಸುಳ್ಳು ಹೇಳ್ದೆ."

ಸಲೋಮಿ ಸೌಟನ್ನು ಪಾತ್ರೆಗೆ ಇಳಿಸಿದಳು. ನನ್ನ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತಳು. ತನ್ನ ತಟ್ಟೆಗೂ ಸಾರು ಹಾಕಿಕೊಂಡು, ಅನ್ನ ಕಲಸಿದಳು.

"ಸುಮ್ನೆ ತಿನ್ನೇ" ಎಂದಳು. "ಇವತ್ತು ಗೋಡೆ ಮೇಲೆ ಕೂತಿತ್ತು, ಹಿಡ್ಕೊಂಡು ಬಂದೆ. ಯಾರದ್ದು ಅಂತ ನಾನೂ ನೋಡಿಲ್ಲ."